ಸೊಸೆಯ ಅಂಗನವಾಡಿಗೆ ಮಕ್ಕಳನ್ನು ಕರೆದ ವರ್ಷ

ನನ್ನ ಸೊಸೆ ನಮ್ಮೂರಿನ ಅಂಗನವಾಡಿ ಟೀಚರು. ಅವಳ ಮಗಳನ್ನು, ಎಂದರೆ ನನ್ನ ಒಬ್ಬಳೇ ಮೊಮ್ಮಗಳನ್ನು, ಆ ಅಂಗನವಾಡಿಯಿಂದ ಬಿಡಿಸಿ ಕಾನ್ವೆಂಟಿನ ವ್ಯಾನಿಗೆ ಹತ್ತಿಸಿದವಳು ನಾನು. ಇವತ್ತು ನನಗೆ ಎಷ್ಟು ಸಂತೋಷವಾಗಿದೆ ಎಂದರೆ, ಈ ತಪ್ಪನ್ನು ಬರೆಯಲು ನಾಚಿಕೆ ಕೂಡ ಆಗುತ್ತಿಲ್ಲ. ಕಾಲು ನೋವು ಮರೆತಿದೆ. ಊಟ ಮಾಡಿದೆನೋ ಇಲ್ಲವೋ ಎಂಬುದೂ ಮರೆತಿದೆ. ಆದ್ದರಿಂದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಮ್ಮೂರಿಗೆ ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆಗೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ಬರಬೇಕು. ಮನೆಯೊಳಗೆ ನಮ್ಮದೆಲ್ಲ ತೆಲುಗು, ಬಾಗಿಲು ದಾಟಿದರೆ ಕನ್ನಡ ತೆಲುಗು ಎರಡೂ ಕಲೆತ ಮಾತು. ನಾನು ಮೂರನೇ ಕ್ಲಾಸಿನವರೆಗೆ ಕನ್ನಡ ಓದಿದೆ. ಆಮೇಲೆ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದೆ. ಆಗ ಅಂಗನವಾಡಿ ಇದ್ದಿದ್ದರೆ ತಮ್ಮಂದಿರು ಅಲ್ಲಿ ಇರುತ್ತಿದ್ದರು, ನಾನು ನಾಲ್ಕನೇ ಕ್ಲಾಸಿನಲ್ಲಿ ಇರುತ್ತಿದ್ದೆ. ಈ ವಿಷಯ ನನಗೆ ಹೊಳೆದದ್ದು ಈಗ, ಅರವತ್ತಾರನೇ ವಯಸ್ಸಿನಲ್ಲಿ.

ಸೊಸೆಯ ತವರು ಮುಳಬಾಗಿಲು ತಾಲ್ಲೂಕಿನಲ್ಲಿ, ಬೈರಕೂರಿನ ಹತ್ತಿರ. ಪಿಯುಸಿ ಓದಿಕೊಂಡು ಬಂದವಳು. ನಮ್ಮೂರಿನ ಹಳೇ ಟೀಚರು ನಿವೃತ್ತರಾದಾಗ ಅರ್ಜಿ ಹಾಕಿ ಆಯ್ಕೆಯಾದಳು. ಮಗ ಟೆಂಪೊ ಓಡಿಸುತ್ತಾನೆ. ಮಾವಿನ ಕಾಲದಲ್ಲಿ ಮಾವು, ಮಿಕ್ಕ ಕಾಲದಲ್ಲಿ ಟೊಮೇಟೊ ಹೇರಿಕೊಂಡು ಮಂಡಿಗೆ ಹೋಗುತ್ತಾನೆ. ಸೊಸೆಗೆ ಸರ್ಕಾರಿ ಕೆಲಸ ಸಿಕ್ಕಿತು ಎಂದು ನಾನು ಊರಿಗೆಲ್ಲ ಬೆಲ್ಲ ಹಂಚಿದೆ. ಹಂಚಿ ಮುಗಿದ ಮೇಲೆ ಗೊತ್ತಾಯಿತು, ಅದು ಸರ್ಕಾರಿ ಕೆಲಸವೂ ಹೌದು, ಅಲ್ಲವೂ ಹೌದು. ಸಂಬಳ ಅನ್ನುವಂತಿಲ್ಲ, ಗೌರವಧನ ಅನ್ನಬೇಕು. ಮೇಲಿನ ಸರ್ಕಾರ ಒಂದು ಪಾಲು ಕೊಡುತ್ತದೆ, ನಮ್ಮ ರಾಜ್ಯದ್ದು ಇನ್ನೊಂದು ಪಾಲು. ಎರಡೂ ಸೇರಿದರೂ ತೋಟದಲ್ಲಿ ಕಾಯಿ ಕೀಳುವವರ ಕೂಲಿಯ ಮುಂದೆ ನಿಲ್ಲುತ್ತಿರಲಿಲ್ಲ. ಅದೂ ಕೆಲವು ಸಲ ತಡವಾಗಿ ಬರುತ್ತಿತ್ತು. ಮಕ್ಕಳ ಸಾರಿಗೆ ತರಕಾರಿ ಬೇಕಾದರೆ ಸೊಸೆ ನಮ್ಮ ಹಿತ್ತಲಿನಿಂದಲೇ ನುಗ್ಗೆಸೊಪ್ಪು, ಬದನೆಕಾಯಿ ಕಿತ್ತುಕೊಂಡು ಹೋಗುತ್ತಿದ್ದಳು.

"ಒಳ್ಳೇ ಸರ್ಕಾರಿ ಕೆಲ್ಸ ಕಣಮ್ಮ ನಿಂದು. ಮನೇಲಿರೋದು ಅಲ್ಲಿಗೆ ಹೋಗ್ತೈತೆ, ಅಲ್ಲಿಂದ ಮನೆಗೆ ಏನೂ ಬರಲ್ಲ" ಎಂದು ನಾನು ಹಂಗಿಸುತ್ತಿದ್ದೆ.

ಅವಳು ನಗುತ್ತಿದ್ದಳು. "ಬರುತ್ತೆ ಇರಿ ಅತ್ತಮ್ಮ. ನಾವೂ ಕೇಳ್ತಾ ಇದೀವಲ್ಲ."

ಕೇಳುವುದು ಎಂದರೆ ಧರಣಿ. ವರ್ಷಕ್ಕೊಮ್ಮೆಯೋ ಎರಡು ಸಲವೋ ಇವರೆಲ್ಲ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಚಾಪೆ ಹಾಸಿ ಕೂತು ಬರುತ್ತಿದ್ದರು. ಒಂದು ಸಲ ಅವಳು ಮುಖವೆಲ್ಲ ಬಿಸಿಲಿಗೆ ಸುಟ್ಟುಕೊಂಡು ಬಂದಳು. ಮೈಮೇಲೆ ಜ್ವರ. ನಾನು ಕಾಫಿ ಕೊಡುವ ಬದಲು ಬೈದೆ. ಹೆಂಗಸರು ರಸ್ತೆಯಲ್ಲಿ ಕೂತರೆ ಸರ್ಕಾರದವರು ಬಂದು ಕೈಗೆ ಇಟ್ಟು ಹೋಗುತ್ತಾರಾ ಎಂದು ಕೇಳಿದೆ. ಆವತ್ತು ಅವಳು ನಗಲಿಲ್ಲ. ಹೋಗಿ ಮಲಗಿದಳು.

ಹೋದ ವರ್ಷದ ಜೂನ್ ತಿಂಗಳಲ್ಲಿ ನಮ್ಮೂರಿಗೆ ಹಳದಿ ವ್ಯಾನು ಬಂತು. ಶ್ರೀನಿವಾಸಪುರದ ಒಂದು ಕಾನ್ವೆಂಟಿನದು. ಅದರೊಳಗೆ ಟೈ ಕಟ್ಟಿಕೊಂಡು ಶೂ ಹಾಕಿಕೊಂಡು ಕೂತ ಪಕ್ಕದೂರಿನ ಮಕ್ಕಳನ್ನು ನೋಡಿದೆ ನೋಡಿ, ನನ್ನ ಬುದ್ಧಿ ಅಲ್ಲೇ ವ್ಯಾನು ಹತ್ತಿ ಹೋಯಿತು. ನಮ್ಮ ಪಾಪ ಆಗ ಮೂರೂವರೆ ವರ್ಷದವಳು. ಅಮ್ಮನ ಜೊತೆಯಲ್ಲೇ ಅಂಗನವಾಡಿಗೆ ಹೋಗಿ ಬರುತ್ತಿದ್ದಳು. ಅವಳಿಗೂ ಟೈ ಕಟ್ಟಿ ನೋಡಬೇಕು ಅನ್ನಿಸಿಬಿಟ್ಟಿತು.

"ಅತ್ತಮ್ಮ, ನಾನು ಊರ ಮಕ್ಕಳಿಗೆಲ್ಲ ಟೀಚರು. ನನ್ನ ಮಗಳೇ ನನ್ನತ್ರ ಬರ್ದೆ ಹೋದ್ರೆ ಏನಂತಾರೆ?" ಎಂದಳು ಸೊಸೆ.

"ಏನಂತಾರೆ? ಟೀಚರಮ್ಮನ ಮಗಳು ಇಂಗ್ಲಿಷ್ ಕಲೀತಾವ್ಳೆ ಅಂತಾರೆ."

"ನಾನೂ ಕಲಿಸ್ತೀನಲ್ಲ."

"ನೀನು ಕಲಿಸೋದು ಕೈ ತೊಳ್ಕೊಂಡು ಉಪ್ಪಿಟ್ಟು ತಿನ್ನೋದು. ಅದನ್ನ ನಾನೂ ಕಲಿಸ್ತೀನಿ."

ಮಗ ಜಗಲಿಯಲ್ಲಿ ಕೂತು ಟೆಂಪೊದ ಹಗ್ಗ ಸುತ್ತುತ್ತಿದ್ದ. "ಫೀಸು ಯಾರು ಕಟ್ತಾರಮ್ಮಾ? ನೀನಾ?" ಎಂದ.

"ನನ್ನ ಹಸು ಕಟ್ತೈತೆ, ಹೋಗೋ" ಎಂದೆ.

ಹಸು ನಿಜವಾಗಿಯೂ ಕಟ್ಟಿತು. ಆರೇಳು ತಿಂಗಳು ಡೇರಿಗೆ ಹಾಲು ಹಾಕಿ ಫೀಸು ಕಟ್ಟಿದೆ. ಪಾಪ ಬೆಳಗ್ಗೆ ಕಣ್ಣು ಬಿಡದೆಯೇ ವ್ಯಾನು ಹತ್ತುತ್ತಿದ್ದಳು, ಸಂಜೆ ನಿದ್ದೆಯಲ್ಲೇ ಇಳಿಯುತ್ತಿದ್ದಳು. ಎಷ್ಟೋ ದಿನ ಡಬ್ಬಿಯಲ್ಲಿ ಕಟ್ಟಿದ್ದು ಹಾಗೇ ವಾಪಸ್ಸು ಬರುತ್ತಿತ್ತು. ಅದು ಕಾನ್ವೆಂಟಿನವರ ತಪ್ಪಲ್ಲ, ಅವರು ಒಳ್ಳೆಯವರೇ. ಅಷ್ಟು ಚಿಕ್ಕ ಮಗುವಿಗೆ ಅಷ್ಟು ದೂರ ಆಗಿಬರಲಿಲ್ಲ. ಆದರೆ ನಾನು ಅದನ್ನೆಲ್ಲ ನೋಡಲಿಲ್ಲ. ಬಾವಿಕಟ್ಟೆಯ ಹತ್ತಿರ ಅವಳನ್ನು ನಿಲ್ಲಿಸಿ, "ಹೇಳು ಪಾಪ, ಆಪಲ್ ಹೇಳು, ಬಾಲ್ ಹೇಳು" ಎಂದು ನಾಲ್ಕು ಜನರ ಮುಂದೆ ಹೇಳಿಸುತ್ತಿದ್ದೆ. ಅವರ ಕಣ್ಣಲ್ಲಿ ಹೊಟ್ಟೆಕಿಚ್ಚು ಕಂಡರೆ ನನಗೆ ಹಬ್ಬ.

ಅವರು ಹೊಟ್ಟೆಕಿಚ್ಚು ಪಟ್ಟುಕೊಂಡು ಸುಮ್ಮನಾಗಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಮಕ್ಕಳನ್ನೂ ವ್ಯಾನಿಗೆ ಹತ್ತಿಸಿದರು. ಟೀಚರೇ ತನ್ನ ಮಗಳನ್ನು ಕಳಿಸುತ್ತಿದ್ದಾಳೆ ಎಂದ ಮೇಲೆ ಆ ಅಂಗನವಾಡಿಯಲ್ಲಿ ಏನಿದೆ ಎಂದು ಅವರಿಗೆ ಅನ್ನಿಸಿದ್ದು ನ್ಯಾಯವೇ. ಸೊಸೆ ಮನೆಗೆ ಬಂದು ಇದನ್ನು ಒಂದು ಸಲವೂ ನನ್ನ ಮುಂದೆ ಆಡಲಿಲ್ಲ.

ಹಸು ಗಬ್ಬವಾಗಿ ಹಾಲು ನಿಂತಿತು. ಫೀಸಿಗೆ ಮುಗ್ಗಟ್ಟಾಯಿತು. ಆಗ ನಾನು ಎರಡನೇ ತಪ್ಪು ಮಾಡಿದೆ.

ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳು ಮಾಲೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಇದ್ದಾಳೆ. ಅಲ್ಲೇ ನಾಲ್ಕು ಹುಡುಗಿಯರು ಸೇರಿ ರೂಮು ಮಾಡಿಕೊಂಡಿದ್ದಾರೆ. ಭಾನುವಾರ ಊರಿಗೆ ಬಂದಾಗ ಅವಳು ನಮ್ಮ ಮನೆಯಲ್ಲಿ ಕೂತು, "ಅಕ್ಕಾ, ನಿಂದೇನು ಕೆಲ್ಸ ಅದು? ನಮ್ಮಲ್ಲಿಗೆ ಬಂದ್ಬಿಡು. ಇದ್ರ ಎರಡರಷ್ಟು ಕೊಡ್ತಾರೆ, ಪಿ.ಎಫ್. ಬೇರೆ" ಎಂದಳು. ಸೊಸೆ ಬಾಯಿ ತೆರೆಯುವ ಮೊದಲೇ ನಾನು ಮಾತಾಡಿದೆ.

"ಹೋಗಮ್ಮ. ಪಾಪನ್ನ ನಾನು ನೋಡ್ಕೋತೀನಿ. ಭಾನುವಾರ ಭಾನುವಾರ ಬಂದು ಹೋಗು. ನಾಲ್ಕು ವರ್ಷ ಕಣ್ಣು ಮುಚ್ಕೊಂಡು ದುಡಿದ್ರೆ ಮಗು ಓದು ಒಂದು ದಡ ಸೇರ್ತೈತೆ."

ತಾಯಿಯನ್ನು ಮಗಳಿಂದ ವಾರಕ್ಕೆ ಆರು ದಿನ ದೂರ ಇಡುವ ಮಾತನ್ನು ಎಷ್ಟು ಸುಲಭವಾಗಿ ಆಡಿದೆ! ಸೊಸೆ ಒಂದು ತಿಂಗಳು ಯೋಚನೆ ಮಾಡಿದಳು. ಆಮೇಲೆ ಆ ಹುಡುಗಿಗೆ ಫೋನು ಮಾಡಿ, ಮಾವಿನ ಸುಗ್ಗಿ ಮುಗಿದ ಮೇಲೆ ಬರುತ್ತೇನೆ ಎಂದು ಹೇಳಿದಳು. ರಾಜೀನಾಮೆ ಪತ್ರವನ್ನೂ ಬರೆದು ಅಂಗನವಾಡಿಯ ರಿಜಿಸ್ಟರಿನೊಳಗೆ ಇಟ್ಟುಕೊಂಡಳು.

ಅಷ್ಟರಲ್ಲಿ ಅಂಗನವಾಡಿಯ ಸಹಾಯಕಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಅವಳು ನಮ್ಮ ದೂರದ ನೆಂಟಳೇ, ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಆಪರೇಷನ್ನಿಗೆ ಕೋಲಾರಕ್ಕೆ ಹೋದಳು. ಅಡುಗೆಗೆ ಜನ ಇಲ್ಲದೆ ಸೊಸೆ ನನ್ನನ್ನು ಕೇಳಿದಳು. ಹತ್ತು ದಿನ ತಾನೇ, ಬರುತ್ತೇನೆ ಎಂದೆ. ಮಕ್ಕಳನ್ನು ಆಡಿಸುವ ಜಾಗದಲ್ಲಿ ಏನು ಕಷ್ಟ ಎಂದುಕೊಂಡಿದ್ದೆ.

ಮೊದಲನೇ ದಿನವೇ ನನ್ನ ಸೊಂಟ ಹೋಯಿತು. ಬೆಳಗ್ಗೆ ಕಸ ಗುಡಿಸಿ ನೀರು ತುಂಬಿಸಬೇಕು. ಹಾಲಿನ ಪುಡಿ ಕಲಸಬೇಕು. ಬಸುರಿ, ಬಾಣಂತಿಯರು ಊಟಕ್ಕೆ ಬರುತ್ತಾರೆ. ಸೊಸೆ ಒಂದು ಕೈಯಲ್ಲಿ ಹಾಡಿಗೆ ತಾಳ ಹಾಕುತ್ತಾಳೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಯಾವ ಮಗು ಬಂತು, ಏನು ತಿಂದಿತು ಎಂದು ಒತ್ತುತ್ತಾಳೆ. ನೆಟ್‌ವರ್ಕ್ ಸಿಗದಿದ್ದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ನಿಲ್ಲುತ್ತಾಳೆ. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಮನೆಮನೆಗೆ ಹೋಗುತ್ತಾಳೆ. ಇಷ್ಟು ವರ್ಷ ಅವಳು ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತರೆ, ಏನು ಕಡಿದು ಕಟ್ಟೆ ಹಾಕಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಮೂರನೇ ದಿನ ಕೂಸುಗಳನ್ನು ತೂಕ ಹಾಕಿದರು. ನಮ್ಮ ಕಡೆ ಮಗುವನ್ನು ತೂಗುವುದಿಲ್ಲ. ಮಾವಿನಕಾಯಿ, ಹುಣಸೆಹಣ್ಣು ತೂಗುತ್ತೇವೆ, ಮಗುವನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂದು ಭಯ. ನನ್ನ ಮಗನನ್ನು ನಾನು ಒಂದು ದಿನವೂ ತೂಗಿಸಲಿಲ್ಲ. ಸೊಸೆ ಏನು ಮಾಡುತ್ತಾಳೆ ಎಂದು ನೋಡಿದರೆ, ತಕ್ಕಡಿಯ ಪಕ್ಕದಲ್ಲೇ ಒಂದು ಕಾಡಿಗೆ ಡಬ್ಬಿ ಇಟ್ಟುಕೊಂಡಿದ್ದಾಳೆ. ತಾಯಿ ಬಂದ ಕೂಡಲೇ ಡಬ್ಬಿ ಅವಳ ಮುಂದೆ ಹಿಡಿಯುತ್ತಾಳೆ. ತಾಯಿ ತನ್ನ ಕೈಯಾರೆ ಮಗುವಿನ ಕೆನ್ನೆಗೆ ಒಂದು ಬೊಟ್ಟು ಇಟ್ಟ ಮೇಲೆಯೇ ತೂಕ. ನಂಬಬೇಡಿ ಎಂದು ಯಾರಿಗೂ ಹೇಳುವುದಿಲ್ಲ. ಬೈಯುವುದೂ ಇಲ್ಲ.

ಬಾಣಂತಿಯೊಬ್ಬಳು ತನ್ನ ಆರು ತಿಂಗಳ ಕೂಸನ್ನು ತಂದಿದ್ದಳು. ಬೊಟ್ಟು ಇಟ್ಟಳು, ಸಾಲದೆ ಪಾದಕ್ಕೂ ಇನ್ನೊಂದು ಇಟ್ಟಳು. ತೂಕ ತೀರಾ ಕಮ್ಮಿ ಇತ್ತು. ಸೊಸೆ ಆ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ತೆಲುಗಿನಲ್ಲಿ ಮಾತಾಡಿದಳು. ನಾಳೆ ನಾನೇ ಜೊತೆಗೆ ಬರುತ್ತೇನೆ, ಡಾಕ್ಟರಿಗೆ ತೋರಿಸೋಣ, ಭಯ ಬೇಡ ಎಂದಳು. ಮಾರನೇ ದಿನ ನಿಜವಾಗಿಯೂ ಹೋದಳು. ಆ ಕೂಸು ಈಗ ಗುಂಡುಗುಂಡಾಗಿ ಅಂಬೆಗಾಲಿಡುತ್ತದೆ. ನಮ್ಮ ಮನೆ ಮುಂದೆ ಹೋಗುವಾಗ ತಾಯಿಯ ಸೊಂಟದ ಮೇಲಿಂದಲೇ ನನ್ನ ಸೆರಗು ಎಳೆದು ಹೋಗುತ್ತದೆ.

ಹೊಸದಾಗಿ ಸೇರಿದ ಮಗುವೊಂದು ಅಳುತ್ತಿತ್ತು. ಅದಕ್ಕೆ ಕನ್ನಡ ಒಂದಕ್ಷರ ಬರುವುದಿಲ್ಲ. ಸೊಸೆ ಅದನ್ನು ಎತ್ತಿಕೊಂಡು, "ಏಡವದ್ದು ನಾನ್ನಾ, ಅಮ್ಮ ವಸ್ತುಂದಿ" ಎಂದಳು. ಅದರ ಹಿಂದೆಯೇ, "ಅಳಬೇಡ ಕಂದ, ಅಮ್ಮ ಬರ್ತಾಳೆ" ಎಂದಳು. ದಿನವೆಲ್ಲ ಹೀಗೆಯೇ, ಮೊದಲು ತೆಲುಗು, ಬೆನ್ನಿಗೆ ಕನ್ನಡ. ಹತ್ತನೇ ದಿನಕ್ಕೆ ಆ ಮಗು ನನ್ನ ಹತ್ತಿರ ಬಂದು, "ಅವ್ವಾ, ನೀರು ಬೇಕು" ಎಂದಿತು. ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತಾರೆ. ನಾನು ಸ್ಕೂಲಿಗೆ ಸೇರಿದಾಗ ಕನ್ನಡ ಬಾರದೆ ಒಂದು ವರ್ಷ ಮೂಲೆಯಲ್ಲಿ ಕೂತಿದ್ದೆ. ಇವಳ ಕೈಯಲ್ಲಿ ಹತ್ತು ದಿನಕ್ಕೆ ನೀರು ಕೇಳುವಷ್ಟು ಭಾಷೆ ಬಂದಿತ್ತು. ಲೋಟದ ತುಂಬ ನೀರು ಕೊಟ್ಟೆ.

ಆ ಕೋಣೆಯ ಗೋಡೆಯಲ್ಲಿ ಮಕ್ಕಳ ಚೀಲ ತೂಗುಹಾಕಲು ಸಾಲಾಗಿ ಮೊಳೆಗಳಿವೆ. ಇಪ್ಪತ್ತಕ್ಕಿಂತ ಹೆಚ್ಚು. ಚೀಲ ಇದ್ದದ್ದು ಏಳು. ಕೂಸನ್ನು ಎತ್ತಿಕೊಂಡು ಅದರ ಪಾಲಿನ ಹಿಟ್ಟು ಕೇಳಲು ಬಂದ ಒಬ್ಬ ಹೆಂಗಸು ನಾನು ಆ ಮೊಳೆಗಳನ್ನು ನೋಡುತ್ತಿರುವುದನ್ನು ನೋಡಿದಳು. ನಮ್ಮ ಬೀದಿಯ ಕೊನೇ ಮನೆಯವಳು. ಬಾಯಿ ಜೋರು.

"ಏನತ್ತೇ, ಲೆಕ್ಕ ಹಾಕ್ತಾ ಇದೀಯಾ? ನಿನ್ನ ಮೊಮ್ಮಗಳು ವ್ಯಾನಲ್ಲಿ ಜುಮ್ಮಂತ ಹೋಗ್ತಾಳೆ, ನಮ್ಮೋರು ಮಾತ್ರ ಇಲ್ಲಿ ಕೂತು ಕಾಗೆ ಗುಬ್ಬಿ ಅನ್ಬೇಕಾ? ನನ್ನ ದೊಡ್ಡ ಮಗನ್ನೂ ಕಳಿಸ್ದೆ. ಈ ಕೂಸಿಗೆ ಮೂರು ತುಂಬ್ಲಿ, ಇದೂ ವ್ಯಾನಿಗೇ."

ಆವತ್ತು ಸಂಜೆ ಸೊಸೆಯ ಮುಂದೆ ನಿಂತು, ಮಾಲೂರಿಗೆ ಹೋಗಬೇಡ ಎನ್ನಲು ಎಷ್ಟೋ ಸಲ ಬಾಯಿ ತೆರೆದೆ. ಹೋಗು ಎಂದವಳು ನಾನು, ಬೇಡ ಎಂದರೆ ಫೀಸು ಎಲ್ಲಿಂದ ತರುತ್ತೀರಿ ಎಂದು ಅವಳು ಕೇಳಿದರೆ? ಅವಳು ಕೇಳುವವಳಲ್ಲ, ಆದರೂ ಹೇಳದೆ ಹಸುವಿಗೆ ಹುಲ್ಲು ಹಾಕಲು ಎದ್ದು ಹೋದೆ.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಸಹಾಯಕಿ ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಮನೆಗೆ ಓಡಿಬಂದಳು. ಆಪರೇಷನ್ ಆದ ಕಣ್ಣು, ಓಡಬಾರದು ಎಂದು ಹೇಳಿದ್ದರೂ ಓಡಿಬಂದಳು. "ಅಕ್ಕಯ್ಯಾ, ಏರ್ಸವ್ರೆ! ಟೀಚರ್ಗೂ ಏರ್ಸವ್ರೆ, ನನಗೂ ಏರ್ಸವ್ರೆ!" ಎಂದು ನನ್ನ ಎರಡೂ ಕೈ ಹಿಡಿದು ಸುತ್ತಿದಳು. ಸರ್ಕಾರ ಬಜೆಟ್ಟಿನಲ್ಲಿ ದುಡ್ಡು ಇಟ್ಟು ಇವರ ಗೌರವಧನ ಹೆಚ್ಚಿಸಿದೆ ಎಂದು ಎಲ್ಲರ ಫೋನಿಗೂ ಬಂದಿತ್ತಂತೆ. ಅಂಗನವಾಡಿಯಲ್ಲೇ ಎಲ್.ಕೆ.ಜಿ. ಶುರು ಮಾಡುತ್ತಾರೆ ಎಂಬ ಮಾತೂ ಇತ್ತು. ಸೊಸೆ ಬಾಗಿಲಲ್ಲಿ ನಿಂತು ಫೋನನ್ನು ಮತ್ತೆ ಮತ್ತೆ ಓದುತ್ತಿದ್ದಳು.

"ಬಾಯಲ್ಲಿ ಏರಿಸೋದು ಸುಲಭ. ಕೈಗೆ ಬರ್ಲಿ ನೋಡಣ" ಎಂದ ಮಗ.

ಮಾವಿನಕಾಯಿ ಕೀಳಲು ಶುರುವಾಗುವ ಹೊತ್ತಿಗೆ ಅದು ಕೈಗೂ ಬಂತು. ಸೊಸೆ ಬ್ಯಾಂಕಿನ ಮೆಸೇಜು ತೋರಿಸಿದಳು, ನಾನು ಫೋನನ್ನು ಕಣ್ಣಿಗೆ ಒತ್ತಿಕೊಂಡೆ. ದೊಡ್ಡ ಮನೆಯವರಿಗೆ ಅದು ಒಂದು ಹೊತ್ತಿನ ಹೋಟೆಲಿನ ಖರ್ಚಿರಬಹುದು. ನಮಗೆ ಅದು ತಿಂಗಳ ಗ್ಯಾಸು, ಪಾಪನ ಬಟ್ಟೆ, ನನ್ನ ಬಿ.ಪಿ. ಮಾತ್ರೆ. ಎಲ್ಲಕ್ಕಿಂತ ಹೆಚ್ಚಾಗಿ, ನೀನು ಮಾಡುವುದು ಕೆಲಸ ಎಂದು ಯಾರೋ ಒಪ್ಪಿಕೊಂಡ ಹಾಗೆ. ಬಿಸಿಲಲ್ಲಿ ಚಾಪೆ ಹಾಸಿ ಕೂತವರನ್ನು ನಾನು ಬೈದಿದ್ದೆ. ಅವರು ಕೂತಿದ್ದಕ್ಕೆ ತಾನೇ ಇದು ಬಂದಿದ್ದು! ಆವತ್ತು ಸೊಸೆಗೆ ನಾನೇ ಕಾಫಿ ಮಾಡಿ ಕೊಟ್ಟೆ. ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಿದ್ದೆ, ಅವಳು ಅದನ್ನೇ ಪೂರ್ತಿ ಕುಡಿದಳು.

ಧೈರ್ಯ ಮಾಡಿ ಕೇಳಿದೆ. "ಇನ್ನು ಮಾಲೂರಿಗೆ ಹೋಗಲ್ಲ ತಾನೇ?"

ಅವಳು ಲೋಟ ಕೆಳಗಿಟ್ಟಳು. "ಅತ್ತಮ್ಮ, ಫ್ಯಾಕ್ಟರಿಯಷ್ಟು ಇದು ಆಗಲ್ಲ. ಆದ್ರೆ ನನಗೆ ಸಾಕು, ಇದ್ರಲ್ಲೇ ಸಂಸಾರ ತೂಗಿಸ್ತೀನಿ. ಆದ್ರೆ ಏಳು ಮಕ್ಕಳನ್ನ ಇಟ್ಕೊಂಡು ನಾನು ಯಾರಿಗೆ ಎಲ್.ಕೆ.ಜಿ. ಹೇಳಲಿ? ಮಕ್ಕಳೇ ಇಲ್ದೆ ಸರ್ಕಾರದ ದುಡ್ಡು ತಗೊಳ್ಳೋಕೆ ನನಗೆ ಮನಸ್ಸು ಬರಲ್ಲ. ಜೂನ್ ಕೊನೇವರೆಗೂ ನೋಡ್ತೀನಿ. ಮಕ್ಕಳು ಬರ್ದೆ ಇದ್ರೆ ಹೋಗ್ಬಿಡ್ತೀನಿ."

ಜೂನ್ ಕೊನೆ. ಅಷ್ಟೇ ನನಗೆ ಸಿಕ್ಕ ಗಡುವು. ಅಂಗನವಾಡಿ ಬರಿದು ಮಾಡಿದ ಕೈಯೇ ತುಂಬಿಸಬೇಕು ಎಂದು ಗೊತ್ತಾಯಿತು.

ಮೊದಲು ವ್ಯಾನಿನ ಡ್ರೈವರಿಗೆ ಹೇಳಿದೆ. ಈ ಸಲ ನಮ್ಮ ಪಾಪ ಬರುವುದಿಲ್ಲ ಎಂದೆ. ಅವನು ಕಿಟಕಿಯಿಂದ ತಲೆ ಹಾಕಿ, "ಯಾಕಜ್ಜೀ, ಹಸು ಮತ್ತೆ ಮುನಿಸಿಕೊಳ್ತಾ?" ಎಂದು ನಕ್ಕ. ಊರಿಗೆಲ್ಲ ನನ್ನ ಹಸುವಿನ ಸುದ್ದಿ ಗೊತ್ತಿತ್ತು. "ಹಸು ಕರು ಹಾಕೈತೆ ಕಣಪ್ಪ. ನಾನೇ ಬುದ್ಧಿ ಕಲಿತಿದೀನಿ" ಎಂದೆ.

ಆಮೇಲೆ ಪಾಪನ ಕೈ ಹಿಡಿದುಕೊಂಡು ಮನೆಮನೆ ಹತ್ತಿದೆ. ಸುಗ್ಗಿಯ ಕಾಲ, ಹೆಂಗಸರು ಮನೆಯಲ್ಲಿ ಸಿಗುವುದಿಲ್ಲ. ತೋಪಿಗೇ ಹೋದೆ. ಬಾದಾಮಿ ಮಾವಿನಕಾಯಿಗೆ ಹುಲ್ಲು ಹಾಸಿ ಕ್ರೇಟಿಗೆ ತುಂಬುತ್ತಿದ್ದವರ ಮಧ್ಯೆ ಕೂತು ನಾನೂ ಎರಡು ಕ್ರೇಟು ತುಂಬಿದೆ, ಮಾತಿಗೆ ದಾರಿ ಆಗಲಿ ಎಂದು.

ಆ ಕೊನೇ ಮನೆಯವಳು ಅಲ್ಲೇ ಇದ್ದಳು. ಕೂಸನ್ನು ಮರಕ್ಕೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಮಲಗಿಸಿದ್ದಳು.

"ಓಹೋ, ಕಾನ್ವೆಂಟ್ ಅಜ್ಜಿ ಬಂದ್ಲು! ಏನತ್ತೇ, ಈಗ ಸೊಸೆಗೆ ಸರ್ಕಾರ ಜಾಸ್ತಿ ಕೊಡ್ತೈತೆ ಅಂತ ಊರ ಮೇಲೆ ಪ್ರೀತಿ ಬಂತಾ?"

"ಹೌದು ಕಣೇ, ಅದಕ್ಕೇ ಬಂತು" ಎಂದೆ. "ಕೊಡ್ದೆ ಇದ್ರೆ ಅವಳು ಮಾಲೂರಿಗೆ ಹೋಗ್ತಿದ್ಲು. ಈಗ ಇರ್ತೀನಿ ಅಂತಾವ್ಳೆ, ಆದ್ರೆ ಮಕ್ಕಳು ಬೇಕಂತೆ. ತಪ್ಪು ನಂದು. ನಾನು ಪಾಪನ್ನ ಕಳಿಸ್ದೆ, ನೀವೆಲ್ಲ ಕಳಿಸಿದ್ರಿ. ಈಗ ನಾನು ವಾಪಸ್ಸು ಕರ್ಕೊಂಡು ಬಂದಿದೀನಿ."

ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಎಲ್ಲರೂ ನನ್ನನ್ನು ನೋಡಿದರು. ನಾನು ಊರ ಮುಂದೆ ತಪ್ಪು ಒಪ್ಪಿಕೊಂಡವಳಲ್ಲ, ಅವರಿಗೂ ಅದು ಹೊಸದು. ಅವಳೇ ಮೊದಲು ನಕ್ಕಳು.

"ಆಗ್ಲಿ. ನಿನ್ನ ಮೊಮ್ಮಗಳು ಒಂದು ವಾರ ನಾಗಾ ಇಲ್ದೆ ಹೋಗ್ಲಿ. ಆಮೇಲೆ ನಮ್ಮೋರನ್ನ ಕಳಿಸ್ತೀವಿ."

ಒಂದು ವಾರ! ನಾಲ್ಕೂವರೆ ವರ್ಷದ ಮಗುವಿನ ಮೇಲೆ ಇಡೀ ಊರು ಕಣ್ಣಿಟ್ಟಿತು.

ಮೊದಲ ದಿನ ಪಾಪ ಅಂಗನವಾಡಿಯ ಮೆಟ್ಟಿಲ ಮೇಲೆಯೇ ಕೂತಳು. ವ್ಯಾನಿನ ಹಾರನ್ ಕೇಳಿದರೆ ಎದ್ದು ಓಡುತ್ತಿದ್ದಳು. ನಾನು ಹಿಂದೆ, ನನ್ನ ಹಿಂದೆ ಸಹಾಯಕಿ. ಎರಡನೇ ದಿನ ಟೈ ಬೇಕು ಎಂದು ಹಟ ಹಿಡಿದಳು. ಅಮ್ಮನ ಮಡಿಲಲ್ಲಿ ಬೇರೆ ಮಗು ಕೂತಿದ್ದನ್ನು ನೋಡಿ ಅದಕ್ಕೆ ಗಿಲ್ಲಿದಳು. ಸೊಸೆ ಅವಳನ್ನು ಗದರಲಿಲ್ಲ, ಮುದ್ದಿಸಲೂ ಇಲ್ಲ. ಬೇರೆ ಮಕ್ಕಳನ್ನು ನೋಡುವ ಹಾಗೆಯೇ ನೋಡಿದಳು. ಕಿಟಕಿಯ ಹೊರಗೆ ನಿಂತ ಹೆಂಗಸರು ಅದನ್ನೂ ಗಮನಿಸಿದರು. ನಾನು ಊರ ದೇವರಿಗೆಲ್ಲ ಕೈ ಮುಗಿದೆ.

ನಾಲ್ಕನೇ ದಿನ ಏನಾಯಿತೋ. ಸೊಸೆ ಒಳಗೆ ಹಾಲು ಕಲಸುತ್ತಿದ್ದಳು, ಮಕ್ಕಳು ಕಿತ್ತಾಡುತ್ತಿದ್ದರು. ನಮ್ಮ ಪಾಪ ಎದ್ದು ಸೊಂಟದ ಮೇಲೆ ಕೈ ಇಟ್ಟುಕೊಂಡು, "ಸಿಟ್ ಡೌನ್! ಫಿಂಗರ್ ಆನ್ ಯುವರ್ ಲಿಪ್ಸ್!" ಎಂದು ಕೂಗಿದಳು. ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ, ಎಲ್ಲ ದಬದಬ ಕೂತವು. ಅವಳು ಬಾಯಿಗೆ ಬೆರಳಿಟ್ಟಳು, ಅವೂ ಇಟ್ಟವು. ಆಮೇಲೆ ಆಪಲ್ಲಿನಿಂದ ಶುರು ಮಾಡಿ ತನಗೆ ಬಂದಷ್ಟನ್ನೂ ಹೇಳಿದಳು. ಅವಳಿಗೆ ನೆನಪು ತಪ್ಪಿದ ಕಡೆ ಸೊಸೆ ಒಳಗಿನಿಂದ ಹಾಲಿನ ಸೌಟು ಹಿಡಿದು ಬಂದು ಮುಂದಿನದ್ದನ್ನು ಹೇಳಿಕೊಟ್ಟಳು. ಇಂಗ್ಲಿಷು, ಬೆನ್ನಿಗೆ ಕನ್ನಡ, ಬೆನ್ನಿಗೆ ತೆಲುಗು.

ಕಿಟಕಿಯ ಹೊರಗೆ ಆ ಕೊನೇ ಮನೆಯವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಅಯ್ಯೋ ಇದರ ಮನೆ ಕಾಯ! ಇಲ್ಲೂ ಎಲ್ಲಾ ಬರ್ತೈತಲ್ಲೇ. ಟೀಚರಮ್ಮಾ, ವಾರ ಯಾಕೆ, ನಾಳೆಯಿಂದ್ಲೇ ನನ್ನ ಮಗನ್ನ ಕಳಿಸ್ತೀನಿ. ತೋಪಿಂದ ಬರೋವಾಗ ಕರ್ಕೊಂಡು ಹೋಗೋಕೂ ಸಲೀಸು."

ಅವಳು ಕಳಿಸಿದಳು. ಅವಳನ್ನು ನೋಡಿ ಪಕ್ಕದವಳು ಕಳಿಸಿದಳು. ಈಗಾಗಲೇ ಕಾನ್ವೆಂಟಿಗೆ ಫೀಸು ಕಟ್ಟಿದ್ದ ಇಬ್ಬರು ಮಾತ್ರ ಅಲ್ಲೇ ಉಳಿದರು, ಅವರ ಇಷ್ಟ. ಜೂನ್ ಮುಗಿಯಲು ಇನ್ನೂ ನಾಲ್ಕು ದಿನ ಇರುವಾಗ ನಾನು ಅಂಗನವಾಡಿಗೆ ಹೋದೆ. ಕಾಲಿಡಲು ಜಾಗ ಇರಲಿಲ್ಲ. ಸೊಸೆ ಮೂಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಮಾಲೂರಿನ ಹುಡುಗಿ.

"ಇಲ್ಲ ಕಣೇ, ನಾನು ಬರಲ್ಲ. ನನ್ನ ಜಾಗಕ್ಕೆ ಬೇರೆಯವ್ರನ್ನ ನೋಡ್ಕೋ... ಹ್ಞಾಂ, ಏರಿಸಿದಾರೆ... ಇಲ್ಲ, ನಿಮ್ಮಷ್ಟಿಲ್ಲ... ಏನು? ಕೇಳಿಸ್ತಿಲ್ಲ ಕಣೇ, ಮಕ್ಕಳು ಜಾಸ್ತಿ ಆಗವ್ರೆ, ಗಲಾಟೆ!"

ಗಲಾಟೆ ಎಂದು ಹೇಳುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ಬರೆಯುವಷ್ಟು ಓದು ನನಗಿಲ್ಲ. ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ರಿಜಿಸ್ಟರು ತೆರೆದಳು. ಒಳಗಿದ್ದ ಆ ಪತ್ರವನ್ನು ತೆಗೆದು ನನ್ನ ಕೈಗೆ ಕೊಟ್ಟು, "ಅತ್ತಮ್ಮ, ಒಲೆಗೆ ಹಾಕಿ" ಎಂದಳು. ಅಲ್ಲಿರುವುದು ಗ್ಯಾಸು. ಮನೆಗೆ ತಂದು ನೀರೊಲೆಗೆ ಹಾಕಿದೆ, ಆ ನೀರಿನಲ್ಲೇ ಪಾಪನಿಗೆ ತಲೆಗೆ ಎರೆದೆ.

ಗೌರವಧನ ಏರಿಸಿದ ಕಾಗದಕ್ಕೆ ಯಾರು ಸಹಿ ಹಾಕಿದರೋ ನನಗೆ ಗೊತ್ತಿಲ್ಲ. ಅವರು ನಮ್ಮೂರನ್ನು ನೋಡಿರಲಾರರು. ಅವರ ಮನೆಯ ಮಕ್ಕಳು ನೂರು ವರ್ಷ ಚೆನ್ನಾಗಿರಲಿ. ರಸ್ತೆಯಲ್ಲಿ ಕೂತು ಕೇಳಿದ ಅಷ್ಟೂ ಹೆಣ್ಣುಮಕ್ಕಳ ಹೊಟ್ಟೆ ತಣ್ಣಗಿರಲಿ. ಇನ್ನೂ ಏರಿಸಬೇಕು ಎಂದು ಸೊಸೆ ಹೇಳುತ್ತಾಳೆ, ಮತ್ತೆ ಬೆಂಗಳೂರಿಗೆ ಹೋಗುವ ಮಾತಿದೆಯಂತೆ. ಈ ಸಲ ಅವಳ ಜೊತೆ ನಾನೂ ಹೋಗುತ್ತೇನೆ ಎಂದಿದ್ದೇನೆ. "ನೀವು ಬಿಸಿಲಲ್ಲಿ ಕೂರೋಕಾಗಲ್ಲ ಅತ್ತಮ್ಮ" ಎಂದಳು. ಕೊಡೆ ಹಿಡಿದುಕೊಂಡು ಕೂರುತ್ತೇನೆ. ಕೂತು ಬರುತ್ತೇನೆ, ಹತ್ತು ದಿನ ಅಂಗನವಾಡಿಯಲ್ಲಿ ಕೆಲಸ ಮಾಡಿದವಳಲ್ಲವೇ ನಾನು!